ಸಹಾಯ ಬೇಕು: ತುಮಕೂರಲ್ಲಿ ಟೆಲಿಹ್ಯಾಂಡ್ಲರ್ (ಉದ್ದಕ್ಕೆ ಚಾಚುವ ತೋಳಿನಿಂದ ಸಾಮಾನು ಮೇಲೆತ್ತುವ ಗಾಡಿ) ಬಾಡಿಗೆಗೆ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಹತ್ತಿರ ಗೋಡೌನ್ ಕೆಲಸ ಹಿಡಿದಿದ್ದೀನಿ. ಕಳೆದ ವಾರ ಸಾರ್ವೆ ಮೇಲೆ ಬ್ಲಾಕ್ ಕೈಯಿಂದ ಕೈಗೆ ದಾಟಿಸುವಾಗ ಒಂದು ಜಾರಿ, ಕೆಳಗೆ ಗಾರೆ ಕಲಸುತ್ತಿದ್ದ ಅಕ್ಕನ ಪಕ್ಕದಲ್ಲೇ ಬಿತ್ತು. ಬಾಂಡ್ಲಿ ನಜ್ಜುಗುಜ್ಜಾಯ್ತು. ಅವರಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆವತ್ತಿಂದ ನನಗೆ ಸರಿಯಾಗಿ ನಿದ್ದೆ ಬರ್ತಿಲ್ಲ.

ಇನ್ನುಮುಂದೆ ಬ್ಲಾಕು, 50 ಕೆಜಿ ಸಿಮೆಂಟ್ ಮೂಟೆ ಎಲ್ಲಾ ಟೆಲಿಹ್ಯಾಂಡ್ಲರಲ್ಲೇ ಮೇಲೆ ಹೋಗಲಿ ಅಂತಿದ್ದೀನಿ. 9 ಮೀಟರ್ ಎತ್ತರಕ್ಕೆ ಒಂದು ಟನ್ ಎತ್ತಿದರೆ ಸಾಕು. ಬೂಮ್, ಅಂದ್ರೆ ಅದರ ತೋಳು, ಮುಂದಕ್ಕೆ ಚಾಚಿದಷ್ಟೂ ಎತ್ತುವ ತೂಕ ಕಡಿಮೆಯಾಗುತ್ತೆ, ಹಾಗಾಗಿ ಲೋಡ್ ಚಾರ್ಟ್ (ಎಷ್ಟು ಚಾಚಿದರೆ ಎಷ್ಟು ತೂಕ ಎತ್ತಬಹುದು ಅನ್ನೋ ಪಟ್ಟಿ) ಓದಬಲ್ಲ ಆಪರೇಟರೇ ಬೇಕು. ಜೆಸಿಬಿ ಓಡಿಸಿದ ಅಭ್ಯಾಸ ಒಂದೇ ಸಾಲದು. ನಮ್ಮದು ಮಣ್ಣು ತುಂಬಿಸಿದ ಜಾಗ, ಮಳೆ ಬಂದರೆ ಕುಸಿಯುತ್ತೆ. ಗಾಡಿ ವಾಲದಂತೆ ನೆಲಕ್ಕೆ ಊರುವ ಸ್ಟೆಬಿಲೈಸರ್ ಕಾಲಿನ ಕೆಳಗೆ ಮರದ ದಿಮ್ಮಿ ಸಾಕಾ, ಕಬ್ಬಿಣದ ಪ್ಲೇಟೇ ಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.