ಎಲಾಸ್ಟಿಕ್‌ಸರ್ಚ್ ಬ್ಯಾಕಪ್: ಮೂರು ನೋಡ್‌ಗಳಿಗೂ ಕಾಣುವ ಒಂದೇ ಜಾಗ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಗ್ರಂಥಾಲಯದ ಪುಸ್ತಕಸೂಚಿಯ ಹುಡುಕಾಟಕ್ಕೆ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟ ತಂತ್ರಾಂಶದ ಮೂರು ನೋಡ್‌ಗಳ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ) ಕ್ಲಸ್ಟರ್ ಇದೆ. ಬ್ಯಾಕಪ್‌ಗಾಗಿ ಮೂರೂ ಸರ್ವರ್‌ಗಳಲ್ಲಿ ಒಂದೇ ಹೆಸರಿನ ಫೋಲ್ಡರ್ ಮಾಡಿ, ಅದನ್ನು ಬ್ಯಾಕಪ್ ಜಾಗ ತಿಳಿಸುವ ಪಾತ್.ರೆಪೊ ಎಂಬ ಸೆಟ್ಟಿಂಗ್‌ನಲ್ಲಿ ಬರೆದು, ನೋಡ್‌ಗಳನ್ನು ರೀಸ್ಟಾರ್ಟ್ ಮಾಡಿದ್ದೇವೆ. ಆದರೂ ರೆಪೊಸಿಟರಿ (ಬ್ಯಾಕಪ್ ಇಡುವ ಜಾಗ) ನೋಂದಾಯಿಸುವಾಗ, ಕ್ಲಸ್ಟರನ್ನು ನಿರ್ವಹಿಸುವ ಮಾಸ್ಟರ್ ನೋಡ್ ಬರೆದ ಫೈಲ್ ಉಳಿದ ನೋಡ್‌ಗಳಿಗೆ ಸಿಗುತ್ತಿಲ್ಲ ಎಂಬ ದೋಷಸಂದೇಶ ಬರುತ್ತದೆ. ಇದರ ಬದಲು ಡೇಟಾ ಫೋಲ್ಡರನ್ನೇ ಪ್ರತಿ ರಾತ್ರಿ ಕಾಪಿ ಮಾಡಿಟ್ಟುಕೊಂಡರೆ ಸಾಲದೇ?

ಉತ್ತರ: ಡೇಟಾ ಫೋಲ್ಡರಿನ ಕಾಪಿಯನ್ನು ದಯವಿಟ್ಟು ಬ್ಯಾಕಪ್ ಎಂದು ನಂಬಬೇಡಿ. ಕ್ಲಸ್ಟರ್ ನಡೆಯುತ್ತಿರುವಾಗ ಡೇಟಾದ ತುಣುಕುಗಳಾದ ಸೆಗ್ಮೆಂಟ್ ಫೈಲ್‌ಗಳು ಹುಟ್ಟುತ್ತ, ಒಂದಕ್ಕೊಂದು ಸೇರುತ್ತ, ಅಳಿಯುತ್ತ ಇರುವುದರಿಂದ ಆ ಕಾಪಿಯೊಳಗೆ ಪರಸ್ಪರ ಹೊಂದದ ಫೈಲ್‌ಗಳು ಉಳಿಯುತ್ತವೆ, ಮತ್ತು ಆ ಕೊರತೆ ಬೆಳಕಿಗೆ ಬರುವುದು ಡೇಟಾ ನಿಜವಾಗಿ ಬೇಕಾದ ದಿನವೇ. ಎಲಾಸ್ಟಿಕ್‌ಸರ್ಚ್ ತಾನೇ ರೆಪೊಸಿಟರಿಗೆ ತೆಗೆದಿಡುವ ಪ್ರತಿ, ಅಂದರೆ ಸ್ನ್ಯಾಪ್‌ಶಾಟ್ ಒಂದೇ ಭರವಸೆಯ ದಾರಿ.

ನಿಮಗೆ ಬಂದ ಸಂದೇಶ ಸರಿಯಾಗಿಯೇ ಇದೆ. ನೋಂದಣಿಯ ವೇಳೆ ಮಾಸ್ಟರ್ ನೋಡ್ ಆ ಜಾಗದಲ್ಲಿ ಒಂದು ಪರೀಕ್ಷಾ ಫೈಲ್ ಬರೆಯುತ್ತದೆ. ಉಳಿದ ನೋಡ್‌ಗಳು ಅದನ್ನು ಓದಲು ಯತ್ನಿಸುತ್ತವೆ. ನಿಮ್ಮ ಮೂರು ಫೋಲ್ಡರ್‌ಗಳ ಹೆಸರು ಒಂದೇ ಆದರೂ ಡಿಸ್ಕ್ ಬೇರೆ ಬೇರೆಯಾದ್ದರಿಂದ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಆದ್ದರಿಂದ ಕ್ಲಸ್ಟರಿಗೆ ಸೇರದ ನಾಲ್ಕನೆಯ ಯಂತ್ರದಲ್ಲಿ ಎನ್‌ಎಫ್‌ಎಸ್ ಹಂಚಿಕೆ (ಜಾಲದ ಮೂಲಕ ಹಲವು ಯಂತ್ರಗಳು ಬಳಸುವ ಒಂದೇ ಫೋಲ್ಡರ್) ಮಾಡಿ, ಅದನ್ನು ಎಲ್ಲ ಮಾಸ್ಟರ್ ಮತ್ತು ಡೇಟಾ ನೋಡ್‌ಗಳಲ್ಲಿ ಒಂದೇ ಫೋಲ್ಡರ್ ವಿಳಾಸದಲ್ಲಿ ಮೌಂಟ್ ಮಾಡಿ (ಜೋಡಿಸಿ).

ಪ್ರಶ್ನೆ: ಹಾಗೆಯೇ ಮಾಡಿದೆವು ಸರ್. ಈಗ ಒಂದು ನೋಡ್ ಮಾತ್ರ ಅನುಮತಿ ಇಲ್ಲ ಎನ್ನುತ್ತಿದೆ. ಕ್ಲೌಡಿಗೆ ಹೋಗುವುದೇ ಒಳ್ಳೆಯದೇ?

ಉತ್ತರ: ಆ ನೋಡಿನಲ್ಲಿ ಎಲಾಸ್ಟಿಕ್‌ಸರ್ಚ್ ಬಳಕೆದಾರನ ಯುಐಡಿ, ಜಿಐಡಿ ಸಂಖ್ಯೆಗಳನ್ನು (ಬಳಕೆದಾರ ಮತ್ತು ಗುಂಪಿನ ಗುರುತುಸಂಖ್ಯೆಗಳನ್ನು) ಉಳಿದೆರಡರ ಜೊತೆ ಹೋಲಿಸಿ ನೋಡಿ. ಎನ್‌ಎಫ್‌ಎಸ್ ಸಾಮಾನ್ಯವಾಗಿ ಹೆಸರನ್ನಲ್ಲ, ಸಂಖ್ಯೆಯನ್ನು ನೋಡಿ ಅನುಮತಿ ಕೊಡುತ್ತದೆ. ಸಂಖ್ಯೆಗಳನ್ನು ಸರಿಹೊಂದಿಸಿದ ಮೇಲೆ ರೆಪೊಸಿಟರಿಯನ್ನು ಪರೀಕ್ಷಿಸುವ ವೆರಿಫೈ ಆದೇಶವನ್ನು ಕೊಡಿ.

ಸಂಸ್ಥೆಯ ಅನುಮತಿ ಇದ್ದರೆ ನಾನು ಎಸ್3 ಬಕೆಟ್ಟನ್ನೇ (ಅಮೆಜಾನ್ ಕ್ಲೌಡಿನ ಸಂಗ್ರಹ ಜಾಗವನ್ನೇ) ಆರಿಸುತ್ತೇನೆ, ಏಕೆಂದರೆ ಸರ್ವರ್ ಕೋಣೆಗೇ ಹಾನಿಯಾದರೂ ಬ್ಯಾಕಪ್ ಬೇರೆಡೆ ಉಳಿದಿರುತ್ತದೆ. ಎಲಾಸ್ಟಿಕ್‌ಸರ್ಚ್‌ನ 8ನೆಯ ಆವೃತ್ತಿಯಿಂದ ಅದಕ್ಕೆ ಪ್ರತ್ಯೇಕ ಪ್ಲಗಿನ್ ಬೇಕಿಲ್ಲ. ಬಕೆಟ್ ತೆರೆಯುವ ರಹಸ್ಯ ಕೀಲಿಗಳನ್ನು ಸಂರಚನಾ (ಸೆಟ್ಟಿಂಗ್‌ಗಳ) ಫೈಲಿನಲ್ಲಿ ಬರೆಯದೆ ಪ್ರತಿ ನೋಡಿನ ಕೀಸ್ಟೋರಿನಲ್ಲಿಡಿ (ರಹಸ್ಯಗಳನ್ನು ಇಡುವ ಭದ್ರ ಫೈಲಿನಲ್ಲಿ). ಹಳೆಯ ಫೈಲ್‌ಗಳನ್ನು ಅಳಿಸುವ ಅಥವಾ ಅಮೆಜಾನಿನ ದೀರ್ಘಕಾಲೀನ ಸಂಗ್ರಹವಾದ ಗ್ಲೇಸಿಯರಿಗೆ ಸಾಗಿಸುವ ನಿಯಮವನ್ನು ಆ ಬಕೆಟ್ಟಿಗೆ ಹಾಕಲೇಬೇಡಿ: ಸ್ನ್ಯಾಪ್‌ಶಾಟ್‌ಗಳು ಬದಲಾಗದ ಸೆಗ್ಮೆಂಟ್‌ಗಳನ್ನು ಹಂಚಿಕೊಳ್ಳುವುದರಿಂದ ಇಂದಿನ ಸ್ನ್ಯಾಪ್‌ಶಾಟಿಗೆ ಹಿಂದಿನ ವರ್ಷದ ಫೈಲ್ ಬೇಕಾಗಬಹುದು. ಹಳೆಯವನ್ನು ತೆಗೆಯುವ ಕೆಲಸವನ್ನು ಎಲಾಸ್ಟಿಕ್‌ಸರ್ಚ್‌ನಲ್ಲೇ ಇರುವ ಎಸ್‌ಎಲ್‌ಎಂ (ಸ್ನ್ಯಾಪ್‌ಶಾಟ್ ನಿರ್ವಹಣೆ) ನೀತಿಗೇ ಬಿಡಿ.

ಪರೀಕ್ಷೆಗೆಂದು ಇನ್ನೊಂದು ಕ್ಲಸ್ಟರ್ ಇದ್ದರೆ, ಅದಕ್ಕೆ ಇದೇ ರೆಪೊಸಿಟರಿಯನ್ನು ಓದಲು ಮಾತ್ರ ಎಂದು ನೋಂದಾಯಿಸಿ, ತಿಂಗಳಿಗೊಮ್ಮೆಯಾದರೂ ಒಂದು ಇಂಡೆಕ್ಸನ್ನು (ಡೇಟಾದ ಒಂದು ಸಂಗ್ರಹವನ್ನು) ಅಲ್ಲಿಗೆ ಮರಳಿ ತಂದು ನೋಡಿ. ಎರಡು ಕ್ಲಸ್ಟರ್‌ಗಳು ಒಂದೇ ಜಾಗಕ್ಕೆ ಬರೆದರೆ ರೆಪೊಸಿಟರಿಯೇ ಕೆಡುತ್ತದೆ. ಸಂರಚನಾ ಫೈಲ್ ಮತ್ತು ಕೀಸ್ಟೋರ್ ಸ್ನ್ಯಾಪ್‌ಶಾಟಿನೊಳಗೆ ಸೇರುವುದಿಲ್ಲವಾದ್ದರಿಂದ ಅವುಗಳ ಪ್ರತಿಯನ್ನು ಬೇರೆಯಾಗಿ, ಭದ್ರವಾದ ಕಡೆ ಇಟ್ಟುಕೊಳ್ಳಿ.