‘ಹಗೂರ ಹೋಗು’ ಅಂದರೆ ನಿಧಾನವೋ, ಕಡಿಮೆ ಭಾರವೋ?

ಗೆಳೆಯರೇ, ನಮಸ್ಕಾರ.

ಗದಗಿನಿಂದ ಬರೆಯುತ್ತಿದ್ದೇನೆ. ನಮ್ಮ ಅಕ್ಕನ ಮಗ ಮದುವೆ ಫೋಟೋ ತೆಗೆಯುವವನು. ಮುಂದಿನ ತಿಂಗಳು ಜಪಾನಿಗೆ ಹೊರಟಿದ್ದಾನೆ. ಕ್ಯಾಮೆರಾ ಸಾಮಾನು ಹೇಗೆ ಕಟ್ಟಿಕೊಳ್ಳಬೇಕು ಅಂತ ಅವನಿಗೂ ಅವನ ಜೊತೆಗಾರರಿಗೂ ಕನ್ನಡದಲ್ಲಿ ಒಂದು ಪುಟ ಬರೆದುಕೊಡಲು ಕೂತೆ. ಕಡಿಮೆ ಹೊರೆ ಇಟ್ಟುಕೊಳ್ಳಿ ಅನ್ನುವ ಅರ್ಥದಲ್ಲಿ ‘ಹಗುರವಾಗಿ ಹೋಗಿ’ ಅಂತ ಶುರು ಮಾಡಿದ್ದೆ. ಅವನು ಓದಿ, “ಹಗೂರ ಯಾಕ ಮಾಮಾ? ಬೆಂಗಳೂರಾಗ ಮೂರು ತಾಸು ಮೊದಲ ಇರಬೇಕಲ್ಲ” ಅಂದ.

ಅವನ ತಪ್ಪೇನಿಲ್ಲ. ನಮ್ಮ ಕಡೆ ‘ಹಗೂರ’, ‘ಹಗೂರಕ’ ಅಂದರೆ ಮೆಲ್ಲಗೆ. ಬರೀ ಮೆಲ್ಲಗೆ ಅಲ್ಲ, ಜೋಪಾನವಾಗಿ. ಅದಕ್ಕೂ ‘ಸಾವಕಾಶ’ಕ್ಕೂ ವ್ಯತ್ಯಾಸ ಇದೆ. ಹೊತ್ತು ತಗೊಂಡು ಮಾಡು ಅನ್ನೋದಕ್ಕೆ ಸಾವಕಾಶ. ಕೂಸನ್ನು ಎತ್ತಿಕೊಳ್ಳುವಾಗ, ತುಂಬಿದ ಕೊಡ ಇಳಿಸುವಾಗ ಹಗೂರ. ಮೊನ್ನೆ ಅವನು ಲೆನ್ಸ್ ಬಿಚ್ಚಿ ಮಂಚದ ಮೇಲೆ ಇಡುತ್ತಿದ್ದ. ನಮ್ಮವ್ವ ಬಾಗಿಲಲ್ಲಿ ನಿಂತು, “ಹಗೂರ ಇಡಪಾ” ಅಂದಳು. ಅಲ್ಲಿ ಬೇರೆ ಯಾವ ಪದವೂ ಕೂಡುತ್ತಿರಲಿಲ್ಲ.

ಹಾಗಂತ ತೂಕದ ಅರ್ಥ ನಮ್ಮಲ್ಲಿ ಇಲ್ಲ ಅಂತಲ್ಲ. ಭಾರ ಇದ್ದರೆ ‘ವಜ್ಜ ಐತಿ’, ಇಲ್ಲದಿದ್ದರೆ ‘ಚೀಲ ಹಗೂರ ಐತಿ’ ಅನ್ನುತ್ತೇವೆ. ನನಗೆ ಕಾಣುವುದು ಇಷ್ಟು: ಚೀಲಕ್ಕೆ ಅಂಟಿದರೆ ಅದು ತೂಕ, ಹೋಗು-ಬಾ-ಇಡು ಇಂಥ ಕ್ರಿಯೆಗೆ ಅಂಟಿದರೆ ನಡೆ. ಹಾಗಾಗಿ ‘ಹಗುರವಾಗಿ ಹೋಗಿ’ ನಮ್ಮ ಓದುಗರಿಗೆ ತಲುಪುವುದೇ ಇಲ್ಲ. ಇನ್ನು ‘ಹಗುರವಾಗಿ ಮಾತಾಡು’ ಅಂದರೆ ಮರ್ಯಾದೆ ಕಳೆಯುವುದು. ಅದು ಮತ್ತೊಂದೇ ದಾರಿ.

ಬೇರೆ ಪದ ಹುಡುಕಿದೆ. ‘ಕೈ ಬೀಸಿಕೊಂಡು ಹೋಗು’ ಅಂದರೆ ಏನನ್ನೂ ಒಯ್ಯದೆ ಹೋದಂತೆ. ‘ಗಂಟುಮೂಟೆ ಕಟ್ಟು’ ಅಂದರೆ ಊರು ಬಿಟ್ಟೇ ಹೋದಂತೆ. ‘ಕಡಿಮೆ ಲಗೇಜು’ ತಿಳಿಯುತ್ತದೆ, ಆದರೆ ಯಾವುದನ್ನು ಬಿಡಬೇಕು ಅನ್ನುವ ಯೋಚನೆ ಅದರಲ್ಲಿ ಇಲ್ಲ. ಇಲ್ಲಿ ಕೆಲಸ ಇರುವುದೇ ಅದರಲ್ಲಿ. ಅವನು ಮೊದಲು ಜೋಡಿಸಿದ ಚೀಲವನ್ನು ತಕ್ಕಡಿಗೆ ಹಾಕಿದಾಗ 11 ಕಿಲೋ ಬಂತು. ಅವನ ಟಿಕೆಟ್ಟಿಗೆ ಜೊತೆಯಲ್ಲಿ ಒಯ್ಯಲು ಬಿಡುವುದು 7 ಕಿಲೋ. ದೂರದ್ದನ್ನು ಹತ್ತಿರ ತೋರಿಸುವ 70-200ರ ದೊಡ್ಡ ಲೆನ್ಸ್ ಒಂದೇ ಒಂದೂವರೆ ಕಿಲೋ ತೂಗುತ್ತದೆ. ಅದನ್ನು ತೆಗೆದಿಡುವಾಗ ಅವನ ಮುಖ ನೋಡಬೇಕಿತ್ತು. ಸ್ಟ್ಯಾಂಡು ಬಟ್ಟೆಯ ಪೆಟ್ಟಿಗೆಗೆ ಹೋಯಿತು. ಬಿಡಿ ಬ್ಯಾಟರಿಗಳನ್ನು ಹಾಗೆ ಆ ಪೆಟ್ಟಿಗೆಗೆ ಹಾಕುವಂತಿಲ್ಲ, ಜೊತೆಯಲ್ಲೇ ಒಯ್ಯಬೇಕು. ತುದಿಗೆ ಟೇಪು ಅಂಟಿಸಬೇಕು. 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವ ಅಳತೆ) ಒಳಗಿದ್ದರೆ ವಿಮಾನದವರನ್ನು ಕೇಳಿ ಒಪ್ಪಿಗೆ ಪಡೆಯುವುದು ಬೇಡ. ಅವನ ಕ್ಯಾಮೆರಾದ್ದು 20ನ್ನೂ ಮುಟ್ಟುವುದಿಲ್ಲ. ಜಪಾನಿನಲ್ಲಿ ಕರೆಂಟು 100 ವೋಲ್ಟು, ಚಾರ್ಜರ್ ಮೇಲೆ 100-240 ಅಂತ ಇದ್ದರೆ ಪಿನ್ ಒಂದು ಬದಲಿಸಿದರೆ ಸಾಕು.

ಹೀಗೆ ಬಿಡಿಸಿ ಕೂಡಿಸುವಾಗ ನಮ್ಮಪ್ಪನ ಹಸಿಬಿ ನೆನಪಾಯಿತು. ನಡುವೆ ಬಾಯಿ, ಎರಡು ತುದಿಗೆ ಎರಡು ಚೀಲ. ಹೆಗಲ ಮೇಲೆ ಹಾಕಿದರೆ ಮುಂದೊಂದು, ಹಿಂದೊಂದು. ಒಂದು ಕಡೆ ಜಾಸ್ತಿ ತುಂಬಿದರೆ ಹೆಗಲಿಂದ ಜಾರಿ ಬೀಳುತ್ತಿತ್ತು. ಕ್ಯಾಮೆರಾ ಮುಂದೆ, ಬಟ್ಟೆ ಹಿಂದೆ ಹೊತ್ತು ನಡೆಯುವ ಹುಡುಗನಿಗೆ ಇದಕ್ಕಿಂತ ಒಳ್ಳೆ ಪದ ಬೇಕಾ? ‘ಒಂದು ಹಸಿಬಿಯಷ್ಟೇ ಕಟ್ಟಿಕೊಳ್ಳಿ’ ಅಂತ ತಿದ್ದಿದ್ದೇನೆ. ಆದರೆ ಅವನಿಗೆ ಹಸಿಬಿ ಅಂದರೇನು ಅಂತ ನಾನೇ ಹೇಳಬೇಕಾಯಿತು.

‘ಕಸ್ಟಮ್ಸ್’ಗೆ ಮಾತ್ರ ತೊಂದರೆ ಆಗಲಿಲ್ಲ, ‘ಸುಂಕದವರು’ ಅಂತ ಬರೆದೆ. ಹೋಗುವಾಗಲೇ ಅವರಿಗೆ ಕ್ಯಾಮೆರಾದ ನಂಬರು ತೋರಿಸಿ ಚೀಟಿ ಮಾಡಿಸಿಕೊಂಡರೆ, ವಾಪಸು ಬರುವಾಗ ಹೊಸದಾಗಿ ಕೊಂಡದ್ದು ಅಂತ ಸುಂಕ ಕೇಳುವುದಿಲ್ಲ. ಆಮೇಲೆ ಎಷ್ಟು ಹೇಳಿದರೂ ಸುಂಕದವರ ಮುಂದೆ ಸುಖದುಃಖ ತೋಡಿಕೊಂಡ ಹಾಗೆಯೇ.

ನನ್ನ ಪ್ರಶ್ನೆಗಳು ಎರಡು. ಹಾವೇರಿ, ರಾಣೆಬೆನ್ನೂರು ಕಡೆ ‘ಹಗೂರ ಹೋಗು’ ಅಂದರೆ ನಿಧಾನವೇನಾ, ಇಲ್ಲಾ ಕಡಿಮೆ ಹೊರೆ ಅನ್ನುವ ಅರ್ಥವೂ ಬರುತ್ತದಾ? ಮತ್ತೆ, ‘ಹಸಿಬಿ’ ನಿಮ್ಮ ಮನೆಯ ಹುಡುಗರಿಗೆ ಗೊತ್ತಾ? ಅವನು ಹೊರಡುವುದರೊಳಗೆ ಬರೆದರೆ ಪುಟ ತಿದ್ದಿ ಕೊಡುತ್ತೇನೆ.