ಕೆಲಸ ಬಿಟ್ಟು ದಾವಣಗೆರೆಯಲ್ಲೇ ಕನ್ಸಲ್ಟಿಂಗ್: ದಿನಕ್ಕೆ ಎಷ್ಟು ಕೇಳೋದು?

ಪ್ರಶ್ನೆ: ಬೆಂಗಳೂರಿನ ಕಂಪನಿಯಲ್ಲಿ ಇಆರ್‌ಪಿ (ಸ್ಟಾಕ್, ಬಿಲ್, ಲೆಕ್ಕ ಎಲ್ಲಾ ಒಂದೇ ಕಡೆ ನೋಡೋ ಸಾಫ್ಟ್‌ವೇರ್) ಕೆಲಸ, ತಿಂಗಳ ಸಂಬಳ 80,000. ರಾಜೀನಾಮೆ ಕೊಟ್ಟು ದಾವಣಗೆರೆ, ಹರಿಹರದ ರೈಸ್‌ಮಿಲ್‌ಗಳಿಗೆ ಸ್ಟಾಕ್, ಬಿಲ್ಲಿಂಗ್ ಸಾಫ್ಟ್‌ವೇರ್ ಕೂರಿಸಿಕೊಡೋ ಯೋಚನೆ. 22 ದಿನಕ್ಕೆ ಭಾಗಿಸಿ ದಿನಕ್ಕೆ 3,600 ಕೇಳಿದ್ರೆ ಸರಿನಾ?

ಉತ್ತರ 1: ಬೇಡ ಸರ್, ಮುಳುಗ್ತೀರಿ. ವರ್ಷದ ಸಂಬಳ 9.6 ಲಕ್ಷ. ಆರೋಗ್ಯ ವಿಮೆ, ಕಂಪನಿ ಕಟ್ಟುತ್ತಿದ್ದ ಪಿಎಫ್, ಲ್ಯಾಪ್‌ಟಾಪ್, ಓಡಾಟ ಸೇರಿಸಿದ್ರೆ 12 ಲಕ್ಷ ಅಂತಿಟ್ಕೊಳ್ಳಿ. ಬಿಲ್ ಹಾಕೋಕೆ ಸಿಗೋದು ವರ್ಷಕ್ಕೆ 130 ದಿನ. ಉಳಿದದ್ದು ಗಿರಾಕಿ ಹುಡುಕೋದು, ಬಾಕಿ ವಸೂಲಿಗೆ ಹೋಗುತ್ತೆ. ಅಂದ್ರೆ ದಿನಕ್ಕೆ 9,200.

ಆದ್ರೆ ಮಿಲ್‌ನವರಿಗೆ ದಿನದ ರೇಟ್ ಹೇಳಬೇಡಿ, ಇಡೀ ಕೆಲಸದ್ದು ಹೇಳಿ. 40% ಮುಂಗಡ. ಒಂದು ಲೋಡ್ ಭತ್ತ ವೇಬ್ರಿಡ್ಜ್ (ಲಾರಿ ತೂಕ ಹಾಕೋ ಕಾಟಾ) ಚೀಟಿಯಿಂದ ತೇವಾಂಶದ ಕಡಿತ, ಚೀಲದ ತೂಕ ಕಳೆದು ಬಿಲ್ ಆಗೋವರೆಗೂ ತಪ್ಪಿಲ್ಲದೆ ಹೋದ ದಿನ ಇನ್ನೊಂದು 40%. ಉಳಿದದ್ದು ಗುಮಾಸ್ತರು ತಾವೇ ನಡೆಸೋಕೆ ಕಲಿತ ಮೇಲೆ. "ಕೆಲಸ ಮುಗಿದ ಮೇಲೆ" ಅಂತಷ್ಟೇ ಬರೆದ್ರೆ ಅದು ಮುಗಿಯೋದೇ ಇಲ್ಲ, ದಿನಾ ಒಂದು ಹೊಸ ರಿಪೋರ್ಟ್ ಕೇಳ್ತಾರೆ.

ಉತ್ತರ 2: ಗೃಹಸಾಲ ಬೇಕಿದ್ರೆ ಸಂಬಳದ ಚೀಟಿ ಇರುವಾಗಲೇ ಮಾಡಿಸಿ. ಕಂಪನಿಯ ವಿಮೆ ಸಾಮಾನ್ಯವಾಗಿ ಕೊನೇ ದಿನಕ್ಕೇ ನಿಲ್ಲುತ್ತೆ, ಮೊದಲೇ ಸ್ವಂತದ್ದು ತಗೊಳ್ಳಿ. ಸೇವೆಗೆ ವಾರ್ಷಿಕ ವಹಿವಾಟು 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಉದ್ಯಮ್ (ಸಣ್ಣ ಉದ್ದಿಮೆಗಳಿಗಿರೋ ಸರ್ಕಾರಿ) ನೋಂದಣಿ ಉಚಿತ, ತಪ್ಪದೆ ಮಾಡ್ಸಿ: ಆಗ ಲಿಖಿತ ಒಪ್ಪಂದ ಇದ್ರೂ ಗಿರಾಕಿ 45 ದಿನದೊಳಗೆ ಹಣ ಕೊಡಲೇಬೇಕು, ತಡವಾದ್ರೆ ಬಡ್ಡಿ ಕೇಳಬಹುದು.

ಪ್ರಶ್ನೆ ಕೇಳಿದವರು: ಕೈಯಲ್ಲಿ ಎಷ್ಟು ತಿಂಗಳ ಖರ್ಚು ಇರಬೇಕು?

ಉತ್ತರ 1: ಒಂಬತ್ತು. ಸುಗ್ಗೀಲಿ ಮಿಲ್‌ನವರು ಮಾತಾಡೋಕೂ ಸಿಗಲ್ಲ.